ಹಾಸು ಏರಿಸಿದ ಮಗ್ಗ

ಭಾನು,

ಹೋಯ್ತಿದೀನಿ ಕಣಪ್ಪ. ಸಾರು ಫ್ರಿಜ್ಜಲ್ಲಿದೆ, ಬಿಸಿ ಮಾಡ್ಕೊ.

ಹಿಂದೂಪುರದಿಂದ ಇಲ್ಲೇ ಪಕ್ಕದ ಲೇಪಾಕ್ಷಿಗೂ ಒಂದಿನ ಕರ್ಕೊಂಡೋಗದವನು, ಈಗ ಹಳೇ ಕಾಲದ ಹೊಗೆಬಂಡಿ ಟೂರಿಗೆ ಕಳಿಸ್ತಿದೀಯ. ಹೊಲ ಗದ್ದೆ, ಸಮುದ್ರ ಎಲ್ಲಾ ತೋರಿಸ್ತಾರಂತೆ, ಜೊತೆಗೊಬ್ಬ ಗೈಡಂತೆ. ಏಮಪ್ಪಾ, ಅಮ್ಮನ ಮೇಲೆ ಇಷ್ಟು ಪ್ರೀತಿ ಯಾವಾಗ ಬಂತು?

ಮೊನ್ನೆ ಮಗ್ಗದ ಕೋಣೇಲಿ ಟೇಪು ಹಿಡ್ಕೊಂಡು ಅಳೀತಿದ್ಯಲ್ಲ, ನೋಡಿದೆ. ಅಲ್ಲೇನು ಅಂಗಡಿ ಹಾಕ್ಬೇಕು ಅಂತಿದೀಯೋ!

ಅದಕ್ಕೇ ಮಗ್ಗಕ್ಕೆ ಹೊಸ ನೂಲಿನ ಹಾಸು ಏರಿಸಿದೀನಿ. ಏರಿಸಿದ ಹಾಸು ನೇಯ್ದು ಮುಗಿಯೋವರೆಗೂ ಮಗ್ಗ ಬಿಚ್ಚಬಾರದು. ನಿಮ್ಮಪ್ಪನೂ ಬಿಚ್ಚಿದೋರಲ್ಲ, ನೀನೂ ಬಿಚ್ಚಲ್ಲ.

ಯಾರನ್ನಾದ್ರೂ ಕೂರಿಸಿ ನೇಯಿಸಿ ಮುಗಿಸಿಬಿಡ್ತೀಯ ಅಂತ ಅಡ್ಡನೂಲು ಓಡಿಸೋ ಲಾಳೀನ ನನ್ನ ಬ್ಯಾಗಲ್ಲಿ ಹಾಕ್ಕೊಂಡಿದೀನಿ. ಪಾಪ, ಅದೂ ಸಮುದ್ರ ನೋಡಿಲ್ಲ.

ಅಮ್ಮ