ಗೋಡೆಯಾಚೆಯ ಬಳ್ಳಿ

ಜೂನ್ 3, ಬೆಳಗ್ಗೆ

ಮತ್ತೆ ಅದೇ ಕೆಲಸ. ಕತ್ತರಿ, ಗ್ಲೌಸು, ಸ್ಟೂಲು. ನಿಂಬೆ ಗಿಡದ ನೆತ್ತಿಯವರೆಗೂ ಹತ್ತಿದ್ದ ಬಳ್ಳಿಯನ್ನು ಎಳೆದೆ. ನಿಂಬೆಯ ರೆಂಬೆಯೇ ಮುರಿದು ಬಂತು. ಎಳೆಯಬಾರದು, ಬುಡದಲ್ಲಿ ಕತ್ತರಿಸಿ ಮೇಲಿನದನ್ನು ಒಣಗಲು ಬಿಡಬೇಕು — ಗೊತ್ತಿದೆ. ಸಿಟ್ಟು ಬಂದಾಗ ಗೊತ್ತಿದ್ದದ್ದೂ ಮರೆತುಹೋಗುತ್ತದೆ.

ಬಳ್ಳಿ ತಂಗಿಯದು. ನಮ್ಮಿಬ್ಬರ ಮನೆಗಳ ನಡುವೆ ಒಂದೇ ಗೋಡೆ. ಗಂಡ ತೀರಿಕೊಂಡ ವರ್ಷ ನೆಟ್ಟಳು. ನೀಲಿ ಹೂ, ಕಿಟಕಿಗೆ ನೆರಳು. ಚೆಂದ ಅವಳಿಗೆ, ಚಾಕರಿ ನನಗೆ.

ಇವತ್ತು ಗೋಡೆಯ ಮೇಲಿಂದ ಕೂಗಿ ಹೇಳಿಯೇಬಿಟ್ಟೆ. "ನಿನ್ನ ಬಳ್ಳಿ ಇರ್ಬೇಕು, ಇಲ್ಲಾ ನನ್ನ ನಿಂಬೆ ಗಿಡ ಇರ್ಬೇಕು. ಯಾವ್ದು ಅಂತ ಹೇಳು."

"ಆಯ್ತು ಬಿಡಕ್ಕಾ" ಅಂದಳು. ಅಷ್ಟೇ.

ಜೂನ್ 6

ಬೇರುಸಮೇತ ಅಗೆಸಿಬಿಟ್ಟಿದ್ದಾಳೆ. ಗೆಣಸಿನಂಥ ಬೇರುಗಳು, ಒಂದು ರಾಶಿ. ಅವಳ ಕಿಟಕಿ ಬೋಳು ಬೋಳು. ಬಿಸಿಲು ನೇರ ಒಳಗೆ. ಕಸಿವಿಸಿ ಆಯಿತು, ಸುಳ್ಳೇಕೆ. ಆದರೆ ನಿಂಬೆ ಗಿಡ ಬದುಕಿಕೊಂಡಿತಲ್ಲ.

ನನ್ನ ಕಡೆ ಬಿದ್ದಿದ್ದ ಬಳ್ಳಿಯ ದಪ್ಪ ಕಾಂಡಗಳನ್ನು ಎಸೆಯಲು ಮನಸ್ಸಾಗಲಿಲ್ಲ. ಎಲೆ ಸವರಿ, ಬೀನ್ಸ್ ಬಳ್ಳಿಗೆ ಆಸರೆಯಾಗಿ ಸಾಲಾಗಿ ಗೂಟ ಊರಿದೆ. "ನಿನ್ನ ಕೈಗೆ ಸಿಕ್ರೆ ಕಸಾನೂ ಕೆಲಸ ಮಾಡುತ್ತೆ" ಅಂದರು ಇವರು. ಹೊಗಳಿಕೆ ಅಂತಲೇ ತೆಗೆದುಕೊಂಡೆ.

ಜುಲೈ 19

ನಿಂಬೆಯ ಬುಡದಲ್ಲಿ ಮತ್ತೆ ಬಳ್ಳಿ! ಸಣ್ಣ ಎಳೆ, ಆದರೆ ಅದೇ ಎಲೆ. ಅಂದರೆ ಎಲ್ಲೋ ಬೇರು ಉಳಿಸಿಕೊಂಡಿದ್ದಾಳೆ.

"ಅಕ್ಕನಿಗೇ ಟೋಪಿ ಹಾಕ್ತೀಯಾ?"

"ನಾನೇನೂ ಉಳಿಸಿಲ್ಲಕ್ಕಾ. ಬೇಕಾದ್ರೆ ಬಂದು ನೋಡು."

ಹೋಗಲಿಲ್ಲ. ನೋಡುವುದೇನಿದೆ?

ಜುಲೈ 27

ಇನ್ನೂ ಎರಡು ಎಳೆ. ಕತ್ತರಿಸಿದೆ, ಬೈದೆ. ಗೋಡೆಯ ಹತ್ತಿರ ನಿಂತು ಎಲ್ಲ ಕೇಳಿಸಿಕೊಂಡು ಒಳಗೆ ಹೋದಳು. ಎಂಥ ಹಟ!

ಆಗಸ್ಟ್ 11, ಮಧ್ಯಾಹ್ನ

ಬೀನ್ಸ್ ಮುಗಿಯಿತು. ಗೂಟ ಕೀಳಲು ಹೋದೆ. ಬರಲಿಲ್ಲ. ಗುದ್ದಲಿ ತಂದು ಅಗೆದರೆ ಬುಡದ ತುಂಬ ಬೇರು. ಬೀನ್ಸ್ ಎಲೆಗಳ ಮರೆಯಲ್ಲೇ ಚಿಗುರಿ, ನೆಲದ ಮೇಲೆ ಹರಿದು, ನಿಂಬೆಯ ಕಡೆ ಹೊರಟಿದೆ. ನಾನೇ ನೆಟ್ಟದ್ದು. ದಿನಾ ನೀರು ಹಾಕಿದ್ದೂ ನಾನೇ...

ಇವರು ಬಾಗಿಲಲ್ಲಿ ನಿಂತು, "ತನ್ನ ಎಲೇಲಿ ಹೆಗ್ಗಣ ಸತ್ತು ಬಿದ್ದಿದ್ರೂ..." ಅಂತ ಶುರು ಮಾಡಿದರು. ಮುಂದೆ ಹೇಳಲು ಬಿಡಲಿಲ್ಲ. ನಾಚಿಕೆಯಿಂದ ಊಟ ಸೇರಲಿಲ್ಲ.

ಆಗಸ್ಟ್ 12

ಎಲ್ಲ ಗೂಟ ಕಿತ್ತು ಬಿಸಿಲಿಗೆ ಹರಡಿದೆ — ಈ ಸಲ ಸಿಮೆಂಟಿನ ಮೇಲೆ. ಆಮೇಲೆ ಗೋಡೆ ಬಿಟ್ಟು, ಬೀದಿ ಬಾಗಿಲಿನಿಂದ ತಂಗಿಯ ಮನೆಗೆ ಹೋದೆ. ಕಿಟಕಿಗೆ ಹಳೆಯ ಬೆಡ್‌ಶೀಟ್ ಕಟ್ಟಿಕೊಂಡಿದ್ದಾಳೆ.

"ತಪ್ಪು ನಂದೇ ಕಣೇ" ಅಂತ ಎಲ್ಲ ಹೇಳಿದೆ. ಅಳುತ್ತಾಳೆ, ಇಲ್ಲವೇ ಬೈಯುತ್ತಾಳೆ ಅಂದುಕೊಂಡಿದ್ದೆ. ಎರಡೂ ಇಲ್ಲ.

"ಹಾಗಾದ್ರೆ ಇನ್ಮೇಲೆ ಬಳ್ಳಿ ಬರಲ್ವಾ?"

"ಇಲ್ಲ. ಎಲ್ಲಾ ಕಿತ್ತಾಯ್ತು."

ಬೆಡ್‌ಶೀಟಿನ ಅಂಚು ಸರಿಸಿ ಗೋಡೆಯ ಕಡೆ ನೋಡಿದಳು.

"ಬೈಯೋಕಾದ್ರೂ ದಿನಾ ಗೋಡೆ ಹತ್ರ ಬರ್ತಿದ್ದೆಯಲ್ಲಕ್ಕಾ."

ಆಗಸ್ಟ್ 13, ಬೆಳಗ್ಗೆ

ಕತ್ತರಿಸುವುದೇನೂ ಇಲ್ಲ. ಆದರೂ ಸ್ಟೂಲನ್ನು ಗೋಡೆಯ ಪಕ್ಕ ಹಾಕಿಕೊಂಡು ಕೂತು ಬರೆಯುತ್ತಿದ್ದೇನೆ. ಏನಂತ ಕರೆಯಲಿ? ಬೈದೇ ಅಭ್ಯಾಸ. ಆ ಕಡೆ ಬಾಗಿಲು ತೆರೆದ ಸದ್ದು. ಚಪ್ಪಲಿ ಸದ್ದು. ಹತ್ತಿರ ಬಂದಳು ಅಂತ ಕಾಣುತ್ತದೆ. ಏನಾದರೂ ಒಂದು ಮಾತು —