ಬಾಟಲಿಯಲ್ಲಿ ಕಾಣದ ನೀರಿನ ಬಗ್ಗೆ, ಇಂಧನ ಇಲಾಖೆಯ ಮುಖ್ಯಸ್ಥರಿಗೆ

ಮಾನ್ಯರೇ,

ನೀವು ಪೆಟ್ರೋಲಿಗೆ ಬೆರೆಸಿ ಕೊಡುತ್ತಿರುವ ಎಥೆನಾಲ್ ನನ್ನ ಭಾವನ ದೋಣಿಯನ್ನು ಅಳಿವೆಯಲ್ಲಿ, ನದಿ ಸಮುದ್ರ ಸೇರುವ ಬಾಯಲ್ಲೇ, ಮಗುಚಿಸಿತು. 'ಹೋಗಿ ಭಾವ' ಎಂದು ಅವರನ್ನು ಕಳಿಸಿಕೊಟ್ಟವನು ನಾನು. ಅರ್ಧ ತಪ್ಪು ನನ್ನದೆಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಉಳಿದರ್ಧಕ್ಕೆ ವಾರಸುದಾರರು ಯಾರೆಂದು ನಾಲ್ಕು ತಿಂಗಳಿಂದ ಹುಡುಕುತ್ತಿದ್ದೇನೆ, ಸಿಗುತ್ತಿಲ್ಲ.

ನಾನು ದೋಣಿ ಎಂಜಿನ್ ರಿಪೇರಿಯವನು. ತಗಡಿನ ಶೆಡ್ಡು, ಒಂದು ಬೆಂಚು, ಎಂಜಿನ್ ಇಳಿಸಿ ಓಡಿಸಿ ನೋಡಲು ನೀರು ತುಂಬಿದ ಡ್ರಮ್ಮು, ಇಷ್ಟೇ ನನ್ನ ಕಾರ್ಖಾನೆ. ಅಪ್ಪ ಕಲಿಸಿದ ಮೊದಲ ಪಾಠ ಬಾಟಲಿಯದು. ಟ್ಯಾಂಕಿನ ತಳದಿಂದ ಪೆಟ್ರೋಲನ್ನು ಗಾಜಿನ ಬಾಟಲಿಗೆ ಎಳೆದು ಬೆಳಕಿಗೆ ಹಿಡಿಯಬೇಕು. ನೀರು ಸೇರಿದ್ದರೆ ತಳದಲ್ಲಿ ಮಣಿಮಣಿಯಾಗಿ ಉರುಳಾಡುತ್ತದೆ. ಇಲ್ಲದಿದ್ದರೆ 'ಹೋಗಬಹುದು' ಅನ್ನಬೇಕು. ಈ ಒಂದು ಮಾತು ನಂಬಿ ಇಲ್ಲಿಯ ನಲವತ್ತು ದೋಣಿಗಳು ನೀರಿಗಿಳಿಯುತ್ತವೆ. ಪೆಟ್ರೋಲಿಗೂ ನೀರಿಗೂ ಮೊದಲಿನಿಂದ ಎಣ್ಣೆ ಸೀಗೇಕಾಯಿ. ಆ ಜಗಳವೇ ನಮ್ಮನ್ನು ಕಾಯುತ್ತಿತ್ತು. ನೀವು ಮಧ್ಯಸ್ಥರನ್ನು ಕಳಿಸಿ ರಾಜಿ ಮಾಡಿಸಿದಿರಿ.

ಎಥೆನಾಲ್ ನೀರನ್ನು ಕಂಡರೆ ಬಿಡುವುದಿಲ್ಲ. ದೋಣಿಯ ಟ್ಯಾಂಕಿಗೆ ಉಸಿರಾಡಲು ಒಂದು ತೂತಿರುತ್ತದೆ. ಅದರಿಂದ ಒಳಬರುವ ಒದ್ದೆ ಗಾಳಿಯ ನೀರನ್ನೆಲ್ಲ ಹೀರಿ ಅದು ತನ್ನೊಳಗೆ ಬಚ್ಚಿಟ್ಟುಕೊಳ್ಳುತ್ತದೆ. ಬಾಟಲಿಯಲ್ಲಿ ಏನೂ ಕಾಣುವುದಿಲ್ಲ. ಹವೆ ತಣ್ಣಗಾದಾಗ ಇಟ್ಟುಕೊಳ್ಳಲಾಗದೆ ನೀರಿನ ಕೈಹಿಡಿದು ತಳಕ್ಕಿಳಿಯುತ್ತದೆ, ಪೆಟ್ರೋಲ್ ಮೇಲೆ ನಿಲ್ಲುತ್ತದೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬ ಗಾದೆ ಟ್ಯಾಂಕಿನೊಳಗೇ ನಡೆದುಹೋಗುತ್ತದೆ. ಎಂಜಿನ್ನಿಗೆ ಹೋಗುವ ಪೈಪು ಇರುವುದೂ ತಳದಲ್ಲೇ. ಸ್ಕೂಟರು ವಾರಕ್ಕೊಮ್ಮೆ ಟ್ಯಾಂಕು ಖಾಲಿ ಮಾಡುತ್ತದೆ, ಮೀನಿಲ್ಲದ ತಿಂಗಳಲ್ಲಿ ದೋಣಿ ತುಂಬಿದ ಟ್ಯಾಂಕಿನೊಡನೆ ಹಾಗೇ ಮಲಗಿರುತ್ತದೆ. ಇದೆಲ್ಲ ನನಗೆ ಈಗ ಗೊತ್ತು, ಆಗ ಗೊತ್ತಿರಲಿಲ್ಲ. ಬಂಕಿನಲ್ಲಿ ಒಂದು ಸಾಲು ಬರೆಸಿದ್ದರೆ ಗೊತ್ತಾಗುತ್ತಿತ್ತೇನೋ. ಅಲ್ಲಿ ನೀವು ಹಸಿರು ಎಲೆಯ ಚಿತ್ರ ಬರೆಸಿದ್ದೀರಿ. ಚೆನ್ನಾಗಿದೆ.

ಭಾವನ ದೋಣಿ ಎರಡು ತಿಂಗಳು ದಡದಲ್ಲಿತ್ತು. ಇಳಿಸುವ ಹಿಂದಿನ ದಿನ, ಉರಿ ಮಧ್ಯಾಹ್ನದಲ್ಲಿ, ಬಾಟಲಿ ಎತ್ತಿ ನೋಡಿದೆ. ಪೆಟ್ರೋಲ್ ತಿಳಿಯಾಗಿತ್ತು. ಪಕ್ಕದಲ್ಲಿ ಬಲೆ ಮಡಚುತ್ತಿದ್ದ ಅಕ್ಕ, ಹಳೆಯದನ್ನು ತೆಗೆದು ಹೊಸದು ಹಾಕಿಸೋಣವೇ ಎಂದು ಕೇಳಿದಳು. ನಾನು ನಕ್ಕುಬಿಟ್ಟೆ. ನನಗೇ ಪಾಠ ಹೇಳುತ್ತಾಳಲ್ಲ ಎಂಬ ನಗು ಅದು.

"ನೀನು ನೋಡಿದ್ದೀಯಲ್ಲ, ನಂಗಷ್ಟು ಸಾಕು," ಅಂದರು ಭಾವ.

ಮರುದಿನ ಬೆಳಗ್ಗೆ ಚಳಿಯಿತ್ತು. ಅಲೆ ಒಡೆಯುವ ಜಾಗದಲ್ಲೇ ಎಂಜಿನ್ ಎರಡು ಸಲ ಕೆಮ್ಮಿ ನಿಂತಿತು. ಮೂರನೇ ಅಲೆಗೆ ದೋಣಿ ಮಗುಚಿತು. ಹಿಂದಿನ ದೋಣಿಯವರು ಭಾವನನ್ನು ಎಳೆದು ತಂದರು. ಜೀವ ಉಳಿಯಿತು, ಬಲಭುಜ ಮಾತ್ರ ಮೊದಲಿನಂತಾಗಲಿಲ್ಲ. ಆಸ್ಪತ್ರೆಯ ಮಂಚದ ಮೇಲಿಂದ ಭಾವ ನನಗೇ ಸಮಾಧಾನ ಹೇಳಿದರು. ಅಕ್ಕ ನನಗೂ ಒಂದು ಲೋಟ ಚಹಾ ತಂದುಕೊಟ್ಟಳು. ಬೈದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

ನಿಮ್ಮ ಸಹಾಯವಾಣಿಗೆ ಫೋನ್ ಮಾಡಿದೆ. ಬಹಳ ಮರ್ಯಾದೆಯ ಹೆಣ್ಣುಮಗಳು, ವಾಹನ ಯಾವುದೆಂದು ಕೇಳಿದಳು. ದೋಣಿ ಅಂದೆ. ಎರಡು ಚಕ್ರವೋ ನಾಲ್ಕು ಚಕ್ರವೋ ಎಂದಳು. ಚಕ್ರವಿಲ್ಲ ತಾಯಿ ಅಂದೆ. ಅಂಥ ಖಾನೆ ತನ್ನ ಪರದೆಯಲ್ಲಿ ಇಲ್ಲವೆಂದು ಪಾಪ, ಅವಳೇ ನೊಂದುಕೊಂಡಳು. ಅರ್ಜಿ ಬರೆದೆ. ಉತ್ತರ ಬಂತು, ಮೊಹರಿನ ಸಮೇತ: 'ಇಂಧನ ಸಂಬಂಧಿ ತೊಂದರೆ ಕಂಡುಬಂದಲ್ಲಿ ವಾಹನವನ್ನು ರಸ್ತೆಯ ಬದಿಗೆ ಸುರಕ್ಷಿತವಾಗಿ ನಿಲ್ಲಿಸಿ, ಸಮೀಪದ ಮೆಕ್ಯಾನಿಕ್ಕನ್ನು ಸಂಪರ್ಕಿಸತಕ್ಕದ್ದು.' ಸ್ವಾಮಿ, ಅಳಿವೆಗೆ ಬದಿ ಎಲ್ಲಿದೆ? ಇನ್ನು ಆ ಸಮೀಪದ ಮೆಕ್ಯಾನಿಕ್ಕು ನಾನೇ. ನಾನು ಯಾರನ್ನು ಸಂಪರ್ಕಿಸಲಿ?

ಹೊಗೆ ಕಡಿಮೆಯಾಗಲಿ ಎಂಬ ನಿಮ್ಮ ಉದ್ದೇಶಕ್ಕೆ ನನ್ನ ತಕರಾರಿಲ್ಲ, ಅದೇ ಗಾಳಿಯನ್ನು ನಾವೂ ಉಸಿರಾಡುತ್ತೇವೆ. ದೋಣಿ ಕಟ್ಟಿ ನಿಲ್ಲಿಸುವ ಕಡೆ ಬೆರಕೆಯಿಲ್ಲದ ಪೆಟ್ರೋಲಿನ ಒಂದೇ ಒಂದು ಪಂಪು ಇಡಿಸಿ ಎಂದು ಕೇಳಬಹುದು. ಕೇಳುತ್ತಿದ್ದೇನೆ. ಇಡಿಸುತ್ತೀರೆಂಬ ನಂಬಿಕೆ, ನಿಜ ಹೇಳಬೇಕೆಂದರೆ, ನನಗಿಲ್ಲ.

ಬರುವ ಸೋಮವಾರ ಭಾವ ಮತ್ತೆ ದೋಣಿ ಇಳಿಸುತ್ತಾರೆ. ಬೇರೆಯವರಿಗೆ ತೋರಿಸಿ ಎಂದು ಕಾಲಿಗೆ ಬೀಳುವುದೊಂದು ಬಾಕಿ. ಕೇಳದೆ ಎಂಜಿನ್ನನ್ನು ಕೈಗಾಡಿಯಲ್ಲಿ ನನ್ನ ಶೆಡ್ಡಿಗೇ ತಳ್ಳಿಸಿಕೊಂಡು ಬಂದರು. ಎಥೆನಾಲಿಗೆ ಮೆತ್ತಗಾಗಿದ್ದ ರಬ್ಬರ್ ಪೈಪು ಬದಲಿಸಿದ್ದೇನೆ. ಟ್ಯಾಂಕು ತೊಳೆದು ಹೊಸ ಪೆಟ್ರೋಲ್ ಹಾಕಿಸಿದ್ದೇನೆ. ಅದೂ ನಿಮ್ಮದೇ, ಬೇರೆ ಸಿಗುವುದಿಲ್ಲ. ನಿನ್ನೆ ಬಾಟಲಿ ಎತ್ತಿ ಹಿಡಿದೆ. ಆವತ್ತಿನಷ್ಟೇ ತಿಳಿಯಾಗಿತ್ತು.

"ಹೋಗಬಹುದೇನೋ?" ಈ ಸಲ ಕೇಳಿದ್ದು ಅಕ್ಕ.

ನಾನಿನ್ನೂ ಉತ್ತರ ಕೊಟ್ಟಿಲ್ಲ. ಸೋಮವಾರದೊಳಗೆ ನಿಮ್ಮ ಕಚೇರಿಯಿಂದ ಯಾರಾದರೂ ಒಬ್ಬರು ಬಂದು, ನನ್ನ ಜಾಗದಲ್ಲಿ ನಿಂತು, ಅವಳ ಮುಖ ನೋಡಿ 'ಹೋಗಬಹುದು' ಎಂದು ಹೇಳಿಬಿಡಿ.

ಇಂತಿ,
ಬಾಟಲಿ ಹಿಡಿದು ನಿಂತೇ ಇರುವ
ಸಮೀಪದ ಮೆಕ್ಯಾನಿಕ್ಕು