ಅಕ್ಕ ಹೆಸರು ಹೇಳಿದ ದಿನ

ಗಜೇಂದ್ರಗಡ
ಫೆಬ್ರವರಿ ೩೧, ೨೧೯೮

ಮಾತು ಕಳೆದುಕೊಂಡವರಿಗೆ ಮಾತು ಕಲಿಸುವ ನಿಮ್ಮೆಲ್ಲರಿಗೂ ಶರಣು.

ತಾರೀಖು ನೋಡಿ ನಗಬೇಡಿ. ಫೆಬ್ರವರಿಗೆ ಆಗಿದ್ದ ಅನ್ಯಾಯವನ್ನು ನಾವು ಸರಿಪಡಿಸಿದ್ದೇವೆ, ಅಷ್ಟೆ. ನನ್ನ ಕನ್ನಡ ನಿಮ್ಮ ಕಿವಿಗೆ ವಿಚಿತ್ರವೆನಿಸಿದರೆ ಕ್ಷಮಿಸಿ. ನಿಮ್ಮ ಕಾಲದ ಬರಹವನ್ನು ಹಳೆಯ ಪುಸ್ತಕಗಳಿಂದ ಕಲಿತವನು ನಾನು.

ನನಗೆ ಮಗಳು ಹುಟ್ಟಿದ ಮುಂದಿನ ವಾರವೇ ಅಕ್ಕ ಶಿವಗಂಗವ್ವನಿಗೆ ಲಕ್ವ ಹೊಡೆಯಿತು. ಬಲಗೈ ಸೋತಿತು, ಮಾತು ನಿಂತಿತು. ಹೇಳಿದ್ದೆಲ್ಲ ಅರ್ಥವಾಗುತ್ತಿತ್ತು; ನೀರು ಕೇಳಲು ಹೋದರೆ ಮಾತ್ರ ಬಾಯಿಂದ ಬೇರೇನೋ ಬರುತ್ತಿತ್ತು. ತೊಟ್ಟಿಲ ಕೂಸಿನ ಕಿವಿಯಲ್ಲಿ ಹೆಸರು ಹೇಳುವ ಹಕ್ಕು ಸೋದರತ್ತೆಯದು. ನಮ್ಮಲ್ಲಿ ಆ ಪದ್ಧತಿ ಇನ್ನೂ ಇದೆ. 'ಮಂದಾರ' ಎಂಬ ಹೆಸರನ್ನು ಮೊದಲೇ ಆರಿಸಿಟ್ಟವಳೂ ಅಕ್ಕನೇ. ಬೇರೆ ಯಾರಾದರೂ ಹೇಳಲಿ ಎಂದರೆ ಎಡಗೈ ಚಾಚಿ ತೊಟ್ಟಿಲಿಗೆ ಅಡ್ಡ ನಿಲ್ಲುತ್ತಿದ್ದಳು.

ನಮ್ಮ ಕಾಲದಲ್ಲಿ 'ಬದಲುಬಾಯಿ' ಎಂಬುದೊಂದಿದೆ. ಕೊರಳಿಗೆ ಕಟ್ಟಿಕೊಂಡರೆ, ಮನಸ್ಸಿನಲ್ಲಿ ಮೂಡಿದ್ದನ್ನು ನಿಮ್ಮದೇ ಹಳೆಯ ದನಿಯಲ್ಲಿ, ಅದಿಲ್ಲದವರಿಗೆ ಹೊಸದೊಂದು ದನಿಯಲ್ಲಿ, ಹೇಳಿಬಿಡುತ್ತದೆ. ಹುಟ್ಟಿನಿಂದ ಮಾತಿಲ್ಲದ ನಮ್ಮ ಓಣಿಯ ಈರಣ್ಣ ಅದರಿಂದಲೇ ಊರಿಗೆಲ್ಲ ಹರಟೆಮಲ್ಲನಾಗಿದ್ದಾನೆ. ಅವನಿಗೆ ಅದು ಸ್ವಂತ ಬಾಯಿಯೇ. ಅಕ್ಕ ಮಾತ್ರ ಕಟ್ಟಿದ ದಿನವೇ ಕಿತ್ತಿಟ್ಟು, ತನ್ನ ಬಾಯಿಯನ್ನೇ ತೋರಿಸಿದಳು. ನೆರೆಯವರು ಉಮಾ ಎಂದಿಡಿ, ಹೇಳಲು ಸಲೀಸು ಎಂದರು. ಅಕ್ಕ ಅವರನ್ನು ನೋಡಿದ ನೋಟಕ್ಕೆ ಅನುವಾದ ಬೇಕಿರಲಿಲ್ಲ.

ಆಗ ಮನೆಗೆ ಬಂದವರು ಜೈನಾಬಿ ನದಾಫ, ನಿಮ್ಮ ವಿದ್ಯೆಯವರು. ಅಕ್ಕ ತಡವರಿಸಿದಾಗಲೆಲ್ಲ ನಾನು ಪ್ರೀತಿಯಿಂದಲೇ ಆ ಪದವನ್ನು ಹೇಳಿಕೊಡುತ್ತಿದ್ದೆ. ಜೈನಾಬಿ ಮೊದಲ ದಿನವೇ ನನ್ನನ್ನು ತರಾಟೆಗೆ ತೆಗೆದುಕೊಂಡರು. "ಅಣ್ಣಾರ, ನೀವು ಸುಮ್ಮನ ಕುಂದರ್ರಿ. ಅಕ್ಕಾರು ಹೇಳ್ತಾರ." ಅಕ್ಕನ ಎಡಗೈ ಹಿಡಿದು ತೊಡೆಯ ಮೇಲೆ ತಾಳ ಹಾಕಿಸಿದರು. ಆಡಲು ಬಾರದ ಹೆಸರನ್ನು ಜೋಗುಳದ ಧಾಟಿಯಲ್ಲಿ ಗುನುಗಿಸಿದರು. ಅಕ್ಕ ಅತ್ತಳು, ಚಿತ್ರದ ಚೀಟಿಗಳನ್ನು ಎಸೆದಳು. ಜೈನಾಬಿ ಆರಿಸಿಕೊಂಡು ಮತ್ತೆ ಕೂತರು. ಅಂಥ ತಾಳ್ಮೆಯನ್ನು ನಾನು ಬೇರೆಲ್ಲೂ ಕಂಡಿಲ್ಲ. ಅಷ್ಟರಲ್ಲಿ ಕೂಸಿಗೆ ಹಲ್ಲು ಬಂತು, ಹೆಸರು ಬರಲಿಲ್ಲ.

ಕೊನೆಗೊಂದು ದಿನ ಅಕ್ಕನೇ ತೊಟ್ಟಿಲು ತೋರಿಸಿದಳು. ಹೆಸರು ಹೇಳಿದ ಸೋದರತ್ತೆಯ ಬೆನ್ನಿಗೆ ಹೆಂಗಸರೆಲ್ಲ ಗುದ್ದುವುದು ವಾಡಿಕೆ. ಮುಷ್ಟಿ ಎತ್ತಿ ಸುತ್ತ ನಿಂತರು. ಅಕ್ಕ ಬಾಗಿದಳು. 'ಮ' ಬಂತು, ನಿಂತಿತು. ಎತ್ತಿದ ಕೈಗಳು ನೋಯತೊಡಗಿದವು. ಒಬ್ಬಳೂ ಇಳಿಸಲಿಲ್ಲ, ಒಬ್ಬಳೂ ಹೇಳಿಕೊಡಲಿಲ್ಲ. ನಾನು ತುಟಿ ಕಚ್ಚಿಕೊಂಡು ನಿಂತಿದ್ದೆ. ಅಕ್ಕ ತೊಡೆ ತಟ್ಟಿದಳು, ಗುನುಗಿದಳು, ಆಮೇಲೆ ರಾಗವಿಲ್ಲದೆ ಸ್ಪಷ್ಟವಾಗಿ ಹೇಳಿದಳು: "ಮಂದಾರ."

ಗುದ್ದುಗಳ ಮಳೆ ಸುರಿಯಿತು. ಅದರ ನಡುವೆ ಅಕ್ಕ ಕೂಗಿದಳು, "ಸಾಕ್ರೇ, ಸಾಯ್ತೀನಿ!" ಅದನ್ನು ಅವಳಿಗೆ ಯಾರೂ ಕಲಿಸಿರಲಿಲ್ಲ. ಜೈನಾಬಿ ಗೋಡೆಗೆ ಒರಗಿ ಅತ್ತುಬಿಟ್ಟರು. ನಾನೂ ಅತ್ತೆ.

ಈ ವಿದ್ಯೆ ತಮಗೆ ನಿಮ್ಮಿಂದ ಕೈಯಿಂದ ಕೈಗೆ ಬಂದದ್ದೆಂದು ಜೈನಾಬಿ ಹೇಳುತ್ತಾರೆ. ಒಂದು ಪದಕ್ಕಾಗಿ ಇಷ್ಟು ಹೊತ್ತು ಕೂರುವುದು ದಂಡವೆಂದು ನಿಮಗೂ ಅನ್ನಿಸಬಹುದು, ಜನರೂ ಹಾಗೇ ಅಂದಾರು. ದಯವಿಟ್ಟು ಎದ್ದು ಹೋಗಬೇಡಿ. ನೀವಿರುವ ಕಾಲದಿಂದ ನೋಡಿದರೆ, ನನ್ನ ಮಗಳಿಗೆ ಇನ್ನೂ ಹೆಸರಿಟ್ಟಿಲ್ಲ.

ಇಂತಿ,
ಸಂಗನಬಸವ ಕುರಡಗಿ